ಬಿಟ್ಟಿ ಎಲೆ

ಈ ಯುಗಾದಿಗೆ ನಮ್ಮ ಮನೆಯ ನಡುಮನೆಯಲ್ಲಿ ಹುಣಸೆ ಬೀಜ ಪಣವಿಟ್ಟು ಪೋಕರ್ ಆಡಿದೆವು. ನಮ್ಮ ಹಾಸನದ ಕಡೆ ಯುಗಾದಿ ಎಂದರೆ ಬೇವು ಬೆಲ್ಲದ ಹಿಂದೆಯೇ ಇಸ್ಪೀಟು ಕಟ್ಟೂ ಹೊರಗೆ ಬರುತ್ತದೆ. ಬೇರೆ ದಿನ ಎಲೆ ಮುಟ್ಟಿದರೆ ಬೈಯುವ ಹಿರಿಯರೂ ಅವತ್ತು ಚಾಪೆಯ ಮೂಲೆಯಲ್ಲಿ ಜಾಗ ಹಿಡಿಯುತ್ತಾರೆ. ನಮಗೆ ಗೊತ್ತಿದ್ದದ್ದು ಮೂರೆಲೆ, ರಮ್ಮಿ. ಪೋಕರನ್ನು ಮನೆಗೆ ತಂದವನು ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ. ಮೊದಲು ಮೊಬೈಲಿನಲ್ಲಿ ದುಡ್ಡಿಟ್ಟು ಆಡುತ್ತಿದ್ದ. 2025ರ ಆಗಸ್ಟಿನಲ್ಲಿ ಕೇಂದ್ರದ ಆನ್‌ಲೈನ್ ಆಟಗಳ ಕಾಯ್ದೆ ಬಂದು ಆ ಬಾಗಿಲು ಮುಚ್ಚಿತು. ಅವನ ಅಮ್ಮ ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇವನು ಹುಣಸೆ ಬೀಜಕ್ಕೆ ಇಳಿದ.

ಆಟ ಕಷ್ಟದ್ದಲ್ಲ. ಒಬ್ಬೊಬ್ಬರ ಕೈಗೆ ಎರಡು ಮುಚ್ಚಿದ ಎಲೆ. ನೆಲದ ಮೇಲೆ ಎಲ್ಲರಿಗೂ ಸೇರಿದ ಐದು: ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಡುನಡುವೆ ಬೆಟ್ಟು. ಬೇಡವಾದವರು ಎಲೆ ಮಡಚಿ ಎದ್ದುಬಿಡಬಹುದು.

ನಾಲ್ಕನೇ ಆಟಕ್ಕೆ ನನ್ನ ಕೈಗೆ ಎರಡು ಎಕ್ಕ ಬಂದವು. ಸರಾಸರಿ 221 ಸಲ ಹಂಚಿದರೆ ಒಂದು ಸಲ ಬರುವ ಜೋಡಿ ಅದು. ಎದೆ ಹೊಡೆದುಕೊಂಡಿತು. ಮುಖವನ್ನು ಮಾತ್ರ ಸತ್ಯನಾರಾಯಣ ಕಥೆ ಕೇಳುವವನ ಹಾಗೆ ಇಟ್ಟುಕೊಂಡು, ಏರಿಸದೆ, ಎಲ್ಲರ ಹಾಗೆ ಒಂದೇ ಬೀಜ ಹಾಕಿದೆ. ನಾಲ್ವರು ಒಳಗೆ ಬಂದರು. ನೆಲಕ್ಕೆ ಬಿದ್ದ ಮೂರು: ಡೈಮಂಡ್ ಎಕ್ಕ, ಆಟಿನ್ ಒಂಬತ್ತು, ಆಟಿನ್ ನಾಲ್ಕು. ನನಗೆ ಮೂರು ಎಕ್ಕ! ಆ ಗಳಿಗೆಯಲ್ಲಿ ಅದನ್ನು ಮೀರುವ ಕೈ ಇರಲೇ ಸಾಧ್ಯವಿರಲಿಲ್ಲ. ಆಗಲೂ ‘ಚೆಕ್’ ಎಂದು ಚಾಪೆ ತಟ್ಟಿದೆ. ಅವರೇ ಬೆಟ್ಟು ಕಟ್ಟಲಿ, ದುಡ್ಡು ಬೆಳೆಯಲಿ, ಆಮೇಲೆ ಬಾಚಿಕೊಳ್ಳೋಣ ಎಂಬ ಆಸೆ. ಯಾರೂ ಕಟ್ಟಲಿಲ್ಲ. ನಾಲ್ಕನೇ ಎಲೆ ಬಿತ್ತು, ಆಟಿನ್ ಎರಡು. ಈಗ ಹತ್ತು ಬೀಜ ಇಟ್ಟೆ. ಮೂವರು ಮಡಚಿದರು, ತಮ್ಮನ ಹೆಂಡತಿ ಮಾತ್ರ ಹತ್ತು ಎಣಿಸಿ ತಳ್ಳಿದಳು. ಕೊನೆಯ ಎಲೆ ಕಳಾವರ್ ಗುಲಾಮ. ಇದ್ದದ್ದನ್ನೆಲ್ಲ ಮುಂದೆ ನೂಕಿದೆ. ಅವಳೂ ನೂಕಿ, “ಭಾವ, ಐದೂ ಒಂದೇ ಜಾತಿ ಆದ್ರೆ ದೊಡ್ಡದು ಅಲ್ವಾ?” ಎಂದು ಕೇಳುತ್ತಾ ಎಲೆ ಬಿಚ್ಚಿದಳು. ಆಟಿನ್ ರಾಜ, ಆಟಿನ್ ಆರು.

“ಮಾವ, ನೀವು ಅತ್ತೆಗೆ ಬಿಟ್ಟಿ ಎಲೆ ಕೊಟ್ರಿ” ಎಂದ ಅಳಿಯ.

ಬಿಟ್ಟಿ ಎಲೆ. ಆ ಮಾತು ಊಟಕ್ಕೆ ಕೂತಾಗಲೂ ಬಿಡಲಿಲ್ಲ. ಲೆಕ್ಕ ಅವನೇ ಹೇಳಿದ. ಎರಡು ಎಕ್ಕ ಒಬ್ಬನೇ ಎದುರಾಳಿಯ ಮುಂದೆ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತವೆ. ನಾಲ್ವರು ಕೊನೆತನಕ ಉಳಿದರೆ 56. ಒಂಬತ್ತು ಜನ ಉಳಿದರೆ ಬರೀ 31. ಅದೇ ಎಕ್ಕಗಳು, ಅದೇ ಕೈ. ಕೂರಲು ಬಿಟ್ಟವರ ಸಂಖ್ಯೆ ಮಾತ್ರ ಬೇರೆ. ಇನ್ನು ನಾಲ್ಕನೇ ಎಲೆಗೆ ತಮ್ಮನ ಹೆಂಡತಿಗೆ ಆಟಿನ್ ಬೀಳುವ ಸಂಭವ ಐದಕ್ಕೆ ಒಂದು. ನೆಲದಲ್ಲಿ ಐದು ಬೀಜ ಇದ್ದಾಗ ನಾನೂ ಐದು ಇಟ್ಟಿದ್ದರೆ, ಐದಕ್ಕೊಂದು ಸಲ ಬರುವ ಎಲೆಗಾಗಿ ಅವಳು ಹತ್ತು ಬೀಜದ ಆಸೆಗೆ ಐದು ಕಳೆಯಬೇಕಿತ್ತು. ಅವಳು ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವವಳು, ಮಡಚಿ ಎದ್ದು ಒಗ್ಗರಣೆಗೆ ಹೋಗುತ್ತಿದ್ದಳು. ನಾನು ಬೆಲೆಯನ್ನೇ ಹೇಳಲಿಲ್ಲ.

ಹಾಗಂತ ಸುಮ್ಮನಿರುವುದು ಯಾವಾಗಲೂ ತಪ್ಪೇನಲ್ಲ. ಈ ಆಟದ ಅತಿ ಪ್ರಸಿದ್ಧ ಮೌನ 1988ರದು. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂನಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ. ಕೊನೆಗೆ ಉಳಿದವರು ಇಬ್ಬರು: ಹಿಂದಿನ ವರ್ಷವೂ ಗೆದ್ದಿದ್ದ ಜಾನಿ ಚಾನ್, ಆ ದೊಡ್ಡ ಪಂದ್ಯಕ್ಕೆ ಹೊಸಬನಾದ ಎರಿಕ್ ಸೈಡಲ್. ಚಾನ್ ಕೈಲಿ ಗುಲಾಮ, ಒಂಬತ್ತು. ನೆಲಕ್ಕೆ ಬಿದ್ದದ್ದು ರಾಣಿ, ಹತ್ತು, ಎಂಟು, ಮೂರೂ ಬೇರೆ ಬೇರೆ ಜಾತಿ. ಎಂಟರಿಂದ ರಾಣಿಯವರೆಗೆ ಸರಪಳಿ ಕೂಡಿತು. ಸೈಡಲ್ ಕೈಲೊಂದು ರಾಣಿ ಇತ್ತು, ನೆಲದ ರಾಣಿ ಸೇರಿ ಜೋಡಿಯಾಗಿ ಅವನಿಗೂ ಕೈ ದೊಡ್ಡದೆನಿಸಿತು. ಚಾನ್ ಉಸಿರೆತ್ತಲಿಲ್ಲ. ನಾಲ್ಕನೆಯದಾಗಿ ಎರಡು ಬಿತ್ತು. ಅಲ್ಲಿಂದಾಚೆ ಸೈಡಲನ್ನು ಗೆಲ್ಲಿಸುವ ಎಲೆ ಇಡೀ ಕಟ್ಟಿನಲ್ಲಿ ಒಂದೂ ಉಳಿದಿರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. ಕೊನೆಯ ಎಲೆ ಆದಮೇಲೆ ಇದ್ದದ್ದನ್ನೆಲ್ಲ ಅವನೇ ಮುಂದೆ ನೂಕಿದ. ಚಾನ್‌ಗೆ ಏಳು ಲಕ್ಷ ಡಾಲರ್. ಹತ್ತು ವರ್ಷದ ಮೇಲೆ ‘ರೌಂಡರ್ಸ್’ ಸಿನಿಮಾದಲ್ಲಿ ಅದೇ ಆಟದ ದೃಶ್ಯ ಬಂದು, ಪೋಕರ್ ಗೊತ್ತಿಲ್ಲದವರೂ ಸೈಡಲ್ ಸೋತದ್ದನ್ನು ನೋಡಿದರು. ಅವನೇನೂ ಸಣ್ಣ ಆಟಗಾರನಲ್ಲ, ಮುಂದೆ ಅದೇ ಸರಣಿಯಲ್ಲಿ ಹತ್ತು ಸಲ ಗೆದ್ದ.

ನಾವೆಲ್ಲ ಆ ಆಟದಿಂದ ಕಲಿತದ್ದು ಮೌನವನ್ನು. ಆ ಮೌನಕ್ಕಿದ್ದ ಆಧಾರವನ್ನಲ್ಲ. ಎದುರಿಗೆ ಒಬ್ಬನೇ. ಮುಂದೆ ಬೀಳುವ ಎಲೆಗೆ ಚಾನ್ ಹೆದರಬೇಕಾದದ್ದು ಹೆಚ್ಚುಕಡಿಮೆ ಏನೂ ಇರಲಿಲ್ಲ. ಎದುರಿನವನು ತಾನಾಗಿ ಬೆಟ್ಟು ಕಟ್ಟುವ ಪೈಕಿ. ಡೇವಿಡ್ ಸ್ಕ್ಲಾನ್‌ಸ್ಕಿ ‘ದಿ ಥಿಯರಿ ಆಫ್ ಪೋಕರ್’ ಪುಸ್ತಕದಲ್ಲಿ ಈ ಕಾಯುವಾಟಕ್ಕೆ ಇಟ್ಟಿರುವ ಷರತ್ತುಗಳಲ್ಲೂ ಮುಂದಿನ ಎಲೆಯ ಭಯ ಇರಬಾರದು ಎಂಬುದಿದೆ, ಜೊತೆಗೆ ನೆಲದ ಮೇಲಿನ ದುಡ್ಡು ಇನ್ನೂ ದೊಡ್ಡದಾಗಿರಬಾರದು ಎಂಬುದೊಂದು. ನನ್ನ ಮೂರು ಎಕ್ಕಕ್ಕೆ ಇವುಗಳಲ್ಲಿ ಎಷ್ಟು ಹೊಂದುತ್ತಿದ್ದವು? ಎದುರಿಗೆ ನಾಲ್ವರು, ನೆಲದಲ್ಲಿ ಎರಡು ಆಟಿನ್. ನಾನು ಕಾಯುತ್ತಿರಲಿಲ್ಲ, ಚಪ್ಪರಿಸುತ್ತಿದ್ದೆ. ಬೆಟ್ಟು ಕಟ್ಟಿ ಎಲ್ಲರೂ ಎದ್ದುಹೋದರೆ ‘ಇಂಥ ಎಲೆಗೆ ಇಷ್ಟೇನಾ’ ಅನ್ನಿಸುತ್ತದಲ್ಲ, ಆ ಸಣ್ಣ ಗೆಲುವಿನ ಭಯ ಬೇರೆ.

ನೇರವಾಗಿ ದೊಡ್ಡ ಬೆಟ್ಟು ಕಟ್ಟುವವನನ್ನು ನಾವು ಒರಟ ಎನ್ನುತ್ತೇವೆ, ಸುಮ್ಮನಿರುವವನನ್ನು ತಾಳ್ಮೆಯವನು ಎನ್ನುತ್ತೇವೆ. ನನಗೀಗ ಅದು ತಿರುಗಮುರುಗ ಅನ್ನಿಸುತ್ತದೆ. ಬೆಟ್ಟು ಕಟ್ಟುವವನು ‘ನನ್ನ ಹತ್ತಿರ ಇದೆ ಕಣಪ್ಪ, ನೋಡ್ಕೊ’ ಎಂದು ಎದುರಿನವನಿಗೆ ಎದ್ದುಹೋಗಲು ದಾರಿ ಬಿಡುತ್ತಾನೆ. ಸುಮ್ಮನಿರುವವನು ಆ ದಾರಿಯನ್ನೇ ಮುಚ್ಚುತ್ತಾನೆ. ಆಟದಲ್ಲಿ ಅದು ನ್ಯಾಯವೇ, ಕೂತವರೆಲ್ಲ ಒಪ್ಪಿ ಕೂತಿರುತ್ತಾರೆ.

ಚಾಪೆಯ ಹೊರಗೂ ನಾನು ಅದೇ ಆಟ ಆಡಿದ್ದೇನೆ. ಆರು ವರ್ಷದ ಹಿಂದೆ, ಊರಿನ ಹಳೆ ಮನೆಯ ಹೆಂಚು ತೆಗೆಸಿ ತಾರಸಿ ಹಾಕಿಸಿದ ಖರ್ಚು ತನ್ನದೇ ಎಂದು ಚಿಕ್ಕಪ್ಪನ ಮಗ ಯಾರದೋ ಮದುವೆಯಲ್ಲಿ ಹೇಳಿದನಂತೆ. ದುಡ್ಡು ನನ್ನದು. ಬ್ಯಾಂಕ್ ಪಾಸ್‌ಬುಕ್, ಸಿಮೆಂಟಿನ ರಸೀದಿ, ಮೇಸ್ತ್ರಿಯ ಸಹಿಯಿದ್ದ ಚೀಟಿ, ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬೀರುವಿನಲ್ಲಿದ್ದವು. ಅವತ್ತೇ ಫೋನ್ ಮಾಡಿ ಕೇಳಿದ್ದರೆ “ಅಯ್ಯೋ ಹೌದಲ್ಲ ಅಣ್ಣ, ಮಾತಿನ ಭರದಲ್ಲಿ ಬಂತು” ಎಂದು ತಲೆ ಕೆರೆದುಕೊಳ್ಳುತ್ತಿದ್ದ. ನಾನು ಕೇಳಲಿಲ್ಲ. ಹೇಳಲಿ, ಇನ್ನೂ ನಾಲ್ಕು ಕಡೆ ಹೇಳಲಿ ಎಂದು ಬಿಟ್ಟೆ. ಹೇಳಿದ. ಮಗಳ ಬೀಗರ ಮನೆಯಲ್ಲೂ ಹೇಳಿದ. ಒಂದು ವರ್ಷದಲ್ಲಿ ಅದು ಅವನ ಪಾಲಿಗೆ ನಿಜವೇ ಆಗಿಹೋಯಿತೇನೋ. ಗೌರಿ ಹಬ್ಬದ ದಿನ ಬೀಗರೂ ಕೂತಿದ್ದಾಗ ಆಸ್ತಿಯ ಮಾತು ಬಂತು. ನಾನು ಎದ್ದುಹೋಗಿ ಕವರು ತಂದೆ. ಕನ್ನಡಿ ಮುಂದೆ ಎಷ್ಟೋ ಸಲ ಆಡಿ ನೋಡಿದ್ದ ಮಾತುಗಳು, ಒಂದೂ ತಪ್ಪಲಿಲ್ಲ. ಅವನು ಆ ಕಾಗದಗಳನ್ನು ಮುಟ್ಟಲೂ ಇಲ್ಲ. ಅವನ ಹೆಂಡತಿ ಅಡುಗೆಮನೆಯಿಂದ ಹೋಳಿಗೆಯ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

ಗೆದ್ದೆ. ಆ ವರ್ಷದಿಂದ ಅವನು ನಮ್ಮ ಮನೆಗೆ ಬಂದಿಲ್ಲ. ಸುಳ್ಳು ಹೇಳಿದ್ದು ಅವನೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಣ್ಣ ಸುಳ್ಳೊಂದು ಹೊರಬರಲಾಗದಷ್ಟು ದೊಡ್ಡ ಗುಂಡಿಯಾಗುವವರೆಗೆ ದಡದಲ್ಲಿ ಕೂತು ನೋಡಿದವನು ನಾನು. ಅದನ್ನು ತಾಳ್ಮೆ ಎಂದೇ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದೆ. ಅವಳು ಆಗಲೇ, “ಮೊದಲೇ ಹೇಳಬಾರದಿತ್ತಾ?” ಎಂದಿದ್ದಳು.

ಹಬ್ಬದ ಮಾರನೇ ದಿನ ವರ್ಷತೊಡಕು. ಬಾಡೂಟ ಮುಗಿಸಿ ಮತ್ತೆ ಚಾಪೆ ಹಾಸಿದೆವು. ಅಪ್ಪ ಬಾರದಿದ್ದರೂ ಚಿಕ್ಕಪ್ಪನ ಮಗನ ಮಗ ಬಂದಿದ್ದ, ಪಿಯುಸಿ ಓದುವ ಹುಡುಗ. ನನ್ನ ಪಕ್ಕದಲ್ಲೇ ಕೂತ. ಎಷ್ಟೋ ಆಟ ಆದಮೇಲೆ ನನ್ನ ಕೈಗೆ ಎರಡು ರಾಜ ಬಂದವು. ತಡಮಾಡದೆ ಎಂಟು ಬೀಜ ಮುಂದಿಟ್ಟೆ. ತಮ್ಮನ ಹೆಂಡತಿ ನನ್ನ ಮುಖ ನೋಡಿ ಎಲೆ ಮಡಚಿದಳು. ಅಳಿಯ ಮಡಚಿದ. ಹುಡುಗ ತನ್ನ ಎಲೆಗಳನ್ನು ಎರಡು ಸಲ ನೋಡಿಕೊಂಡು ಅವನೂ ಮಡಚಿದ. ನನಗೆ ಸಿಕ್ಕಿದ್ದು ಮೂರು ಹುಣಸೆ ಬೀಜ.

“ದೊಡ್ಡಪ್ಪ, ಏನಿತ್ತು?” ಎಂದ ಹುಡುಗ.

“ತೋರಿಸಬೇಕಾಗಿಲ್ಲ ಮಾವ, ರೂಲ್ಸ್ ಹಾಗಿಲ್ಲ” ಎಂದ ಅಳಿಯ.

ಎರಡೂ ಎಲೆಗಳನ್ನು ಹುಡುಗನ ಕಡೆಗೆ ತಿರುಗಿಸಿ ಚಾಪೆಯ ಮೇಲಿಟ್ಟೆ.