ವಿಜಯದ ಮಿತಿ: ವಕ್ಕಲೇರಿ ತಾಮ್ರಶಾಸನದ ಪಾಠ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಯುದ್ಧದ ಪ್ರಶ್ನೆ ಎಂದಿಗೂ ತೊಡಕಿನದು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವ ಜೈನಾಚಾರವು ಶ್ರಾವಕನಿಗೆ ಸಂಕಲ್ಪೀ ಹಿಂಸೆಯನ್ನು ನಿಷೇಧಿಸುತ್ತದೆ. ಆತ್ಮರಕ್ಷಣೆ, ದೇಶರಕ್ಷಣೆಗಳಲ್ಲಿ ಒದಗುವ ವಿರೋಧೀ ಹಿಂಸೆಯು ಅನಿವಾರ್ಯವಾಗಬಹುದೆಂದು ಒಪ್ಪುತ್ತದೆ. ಆದರೆ ಖಡ್ಗ ಹಿಡಿದ ಕೈ ಎಲ್ಲಿ ನಿಲ್ಲಬೇಕು?

ಕೋಲಾರ ಜಿಲ್ಲೆಯ ವಕ್ಕಲೇರಿಯಲ್ಲಿ ದೊರೆತ ತಾಮ್ರಶಾಸನವು ಈ ವಿಚಾರಕ್ಕೆ ಬೆಳಕು ನೀಡುತ್ತದೆ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನು ಕ್ರಿ.ಶ. 757ರಲ್ಲಿ ಭೀಮಾ ನದಿಯ ಉತ್ತರ ದಡದಲ್ಲಿದ್ದ ಸೇನಾಬೀಡಿನಿಂದ ಹೊರಡಿಸಿದ ದಾನಶಾಸನವಿದು. ಅರಸನು ದಂಡಿನೊಡನೆ ಬೀಡುಬಿಟ್ಟಲ್ಲಿಂದಲೇ ದಾನದ ಆಜ್ಞೆಯೂ ಹೊರಡುತ್ತಿದ್ದ ಕಾಲವದು.

ಶಾಸನವು ಕೀರ್ತಿವರ್ಮನ ತಂದೆ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ದಂಡಯಾತ್ರೆಯನ್ನು ವರ್ಣಿಸುತ್ತದೆ. ಅವನು ಪಲ್ಲವ ನಂದಿಪೋತವರ್ಮನನ್ನು ಸೋಲಿಸಿ ರಣವಾದ್ಯಗಳನ್ನೂ ಧ್ವಜವನ್ನೂ ಮದದಾನೆಗಳನ್ನೂ ಮಾಣಿಕ್ಯರಾಶಿಯನ್ನೂ ವಶಪಡಿಸಿಕೊಂಡನು. ಬಳಿಕ ಕಂಚಿಯನ್ನು ಹಾಳುಗೆಡವದೆ ಪ್ರವೇಶಿಸಿ, ದೀನಾನಾಥರಿಗೆ ದಾನವಿತ್ತು, ರಾಜಸಿಂಹೇಶ್ವರ ದೇವಾಲಯದ ಸುವರ್ಣರಾಶಿಯನ್ನು ದೇವರಿಗೇ ಮರಳಿಸಿದನು. ಇಂದು ಕೈಲಾಸನಾಥವೆನಿಸಿರುವ ಆ ದೇವಾಲಯದ ಕಂಬದ ಮೇಲಿನ ಅವನ ಕನ್ನಡ ಶಾಸನವೂ ಇದನ್ನೇ ಸಾರುತ್ತದೆ.

ಇಲ್ಲಿ ಎರಡು ಲೆಕ್ಕಗಳಿವೆ. ಆನೆ, ಧ್ವಜ, ರಣವಾದ್ಯಗಳು ಶತ್ರುಸೇನೆಯ ಅಂಗಗಳು. ಅವುಗಳನ್ನು ಕಸಿದರೆ ಶತ್ರುವಿನ ಬಲ ಕುಂದುತ್ತದೆ. ಪ್ರಜೆಯ ಮನೆ, ದೇವರ ಭಂಡಾರಗಳು ಯುದ್ಧ ಹೂಡಿದವಲ್ಲ. ಗೆದ್ದವನನ್ನು ತಡೆಯುವವರು ಯಾರೂ ಇಲ್ಲದ ಗಳಿಗೆಯಲ್ಲಿ ಈ ಎರಡು ಲೆಕ್ಕಗಳನ್ನು ಬೆರೆಸದಿರುವುದೇ ನಿಜವಾದ ಸಂಯಮ. ಮಾಣಿಕ್ಯರಾಶಿಯ ವಿಷಯದಲ್ಲಿ ಆ ಸಂಯಮವು ಪೂರ್ಣವಾಗಿರಲಿಲ್ಲವೆಂಬುದೂ ನಿಜ.

ಇದು ಆಸ್ಥಾನದ ಹೊಗಳಿಕೆಯಲ್ಲವೇ ಎಂದು ಕೇಳಬಹುದು. ಹೌದು. ಆದರೆ ಯಾವುದನ್ನು ಹೊಗಳಬೇಕೆಂದು ಒಂದು ಕಾಲವು ಬಗೆಯಿತೋ ಅದರಲ್ಲಿ ಆ ಕಾಲದ ಧರ್ಮಪ್ರಜ್ಞೆ ಕಾಣುತ್ತದೆ. ಯುವರಾಜನಾಗಿ ತಾನೇ ಕಂಚಿಯ ಮೇಲೆ ದಂಡೆತ್ತಿ ಆನೆಗಳನ್ನೂ ಚಿನ್ನವನ್ನೂ ತಂದು ತಂದೆಗೆ ಒಪ್ಪಿಸಿದ ಕೀರ್ತಿವರ್ಮನು, ತಂದೆಯು ಮರಳಿಸಿದುದನ್ನೂ ಅದೇ ತಾಮ್ರಪಟಗಳಲ್ಲಿ ಕೊರೆಯಿಸಿದನು.

ಆ ಚಿನ್ನ ಮರಳಿತು. ರಣದಲ್ಲಿ ಮಡಿದವರು ಮರಳಲಿಲ್ಲ. ಸಂಯಮವು ಹಿಂಸೆಯ ಪಾಪವನ್ನು ತೊಳೆಯದು, ಹೊಸ ಪಾಪ ಸೇರದಂತೆ ತಡೆಯುತ್ತದೆ. ಅರಸರಿಲ್ಲದ ಇಂದಿನ ದಿನಗಳಲ್ಲಿಯೂ ವ್ಯಾಜ್ಯ ಗೆದ್ದ ಸಹೋದರನಿಗೆ, ಬಸದಿಯ ಭಂಡಾರದ ಕೀಲಿಕೈ ಹಿಡಿದ ಧರ್ಮದರ್ಶಿಗೆ ಅಂಥ ಗಳಿಗೆ ಬಂದೇ ಬರುತ್ತದೆ. ತೆಗೆದುಕೊಳ್ಳಲು ಸಾಧ್ಯವಿದ್ದೂ ಮುಟ್ಟದೆ ಬಿಟ್ಟುದೆಷ್ಟು ಎಂಬುದೇ ಆಗ ಅವರ ಅಣುವ್ರತದ ಅಳತೆಗೋಲು.