ಕುಂತವರು, ನಿಂತವರು

ನಮ್ಮ ಅವ್ವನಿಗೆ ಬೈಬಲ್ಲಿನ ಒಂದೇ ಒಂದು ಕತೆಯ ಮೇಲೆ ಜೀವಮಾನವಿಡೀ ಸಿಟ್ಟಿತ್ತು. ಅದು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಕೊನೆಗೆ ಬರುವ ಮಾರ್ಥ ಮತ್ತು ಮರಿಯರ ಕತೆ. ಅಕ್ಕತಂಗಿಯರ ಮನೆಗೆ ಯೇಸುಸ್ವಾಮಿ ಬರುತ್ತಾನೆ. ಮಾರ್ಥ ಅಡಿಗೆಯ ಗಡಿಬಿಡಿಯಲ್ಲಿ ಒದ್ದಾಡುತ್ತಾಳೆ; ಮರಿಯ ಆತನ ಪಾದದ ಬಳಿ ಕುಳಿತು ಮಾತು ಕೇಳುತ್ತಾಳೆ. ತಂಗಿಗೆ ಸ್ವಲ್ಪ ಹೇಳು, ನನಗೆ ಕೈಗೂಡಿಸಲಿ ಎಂದು ಮಾರ್ಥ ದೂರು ಕೊಟ್ಟರೆ, ಮರಿಯ ಆರಿಸಿಕೊಂಡದ್ದೇ ಒಳ್ಳೆಯದು ಎಂಬ ಅರ್ಥದ ಉತ್ತರ ಬರುತ್ತದೆ. ಇಬ್ಬರಲ್ಲಿ ದೊಡ್ಡವಳು ಯಾರೆಂದು ಲೂಕ ಹೇಳುವುದಿಲ್ಲ. ಒಲೆಯ ಮುಂದೆ ಇದ್ದವಳೇ ಹಿರಿಯಳೆಂದು ನಾವೆಲ್ಲ ತಿಳಿದುಕೊಂಡಿದ್ದೇವೆ, ಅಷ್ಟೆ.

ಈ ಕತೆಯ ಮೇಲೆ ಪ್ರಸಂಗವಾದ ಭಾನುವಾರ ಅವ್ವ ದೇವಾಲಯದಿಂದ ಮನೆಯವರೆಗೆ ಮಾತಾಡುತ್ತಿರಲಿಲ್ಲ. ಮನೆಗೆ ಬಂದು ಕೊಣಮಿಗೆಯ ಮುಂದೆ ಕೂತ ಮೇಲೆ ಬಾಯಿ ಬಿಡುತ್ತಿದ್ದಳು: “ಆಕಿನೂ ಹೋಗಿ ಕುಂತಿದ್ರ ಸ್ವಾಮಿಗೆ ರೊಟ್ಟಿ ಯಾರು ಬಡೀತಿದ್ರು?” ಈ ಪ್ರಶ್ನೆಗೆ ನಮ್ಮ ಯಾವ ಸಭಾಪಾಲಕರೂ ಉತ್ತರ ಕೊಟ್ಟದ್ದು ನಾನು ಕೇಳಿಲ್ಲ. ಅವ್ವ ಅವರ ಮುಂದೆ ಕೇಳಲೂ ಇಲ್ಲ.

ನಮ್ಮದು ಗುಳೇದಗುಡ್ಡದ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ದಾಟಿ 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆಯೂರಿದರು. ನಾನು ಹುಟ್ಟಿದಾಗ ಆ ಊರು ಬಾದಾಮಿ ತಾಲ್ಲೂಕಿನಲ್ಲಿತ್ತು, ಜಿಲ್ಲೆ ವಿಜಾಪುರವಾಗಿತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಧರ್ಮ ಬೇರೆಯಾದರೂ ಒಲೆ ಬೇರೆಯಾಗಲಿಲ್ಲ. ಕ್ರಿಸ್ಮಸ್ ಎಂದರೆ ನಮ್ಮಲ್ಲಿ ಕೇಕಿಗಿಂತ ಮೊದಲು ಕರ್ಚಿಕಾಯಿ, ಚಕ್ಕಲಿ, ಶಂಕರಪೋಳಿ, ಬೇಸನ್ ಉಂಡಿ. ದೀಪಾವಳಿಗೆ ನೆರೆಯವರ ಮನೆಯಿಂದ ಬಂದ ತಾಟುಗಳ ಋಣ ತೀರುವುದು ಡಿಸೆಂಬರ್ 25ಕ್ಕೆ. ಹಾಗಾಗಿ 24ನೆಯ ತಾರೀಖು ನಮ್ಮ ಹೆಣ್ಣುಮಕ್ಕಳಿಗೆ ವರ್ಷದಲ್ಲೇ ಉದ್ದನೆಯ ದಿನ.

ಅಂಥ ಒಂದು 24ರ ಬಗ್ಗೆ ಹೇಳುತ್ತೇನೆ. ಅದು 2018, ಸೋಮವಾರ. ಶಾಲೆಗೆ ಸಿ.ಎಲ್. ಹಾಕಿದ್ದೆ. ಅವ್ವ ಆಗ ಎಂಬತ್ತರ ಹತ್ತಿರ ಬಂದಿದ್ದಳು, ಬಾಗಲಕೋಟೆಯ ನವನಗರದಲ್ಲಿ ನನ್ನ ಜೊತೆಗೇ ಇದ್ದಳು. ತಂಗಿ ಹಿಂದಿನ ರಾತ್ರಿಯೇ ಹುಬ್ಬಳ್ಳಿಯಿಂದ ಬಂದಿದ್ದಳು.

ಬೆಳಿಗ್ಗೆ ಆರಕ್ಕೆ ಇಳಕಲ್ಲಿನ ಬಸ್ಸು ಹಿಡಿದೆ. ಅವ್ವನಿಗೆಂದು ಅಲ್ಲಿನ ನೇಕಾರರೊಬ್ಬರಿಗೆ ಸೀರೆ ಹೇಳಿದ್ದೆ. ಹುನಗುಂದ ದಾಟಿ ಇಳಕಲ್ಲು ಮುಟ್ಟಿದರೆ ಸೀರೆ ಇನ್ನೂ ಮಗ್ಗದ ಮೇಲೇ ಇತ್ತು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಟೋಪ ತೆನಿ ಎನ್ನುವುದು ಅದಕ್ಕೇ. ಆ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಆದರೂ ನಾನು ನಾಲ್ಕು ಸಲ ಫೋನು ಮಾಡಿ ಅವಸರಪಡಿಸಿದ್ದೆ. ಆ ಮನುಷ್ಯ ರಾತ್ರಿ ನಿದ್ದೆಗೆಟ್ಟದ್ದು ಕಣ್ಣಲ್ಲಿ ಕಾಣುತ್ತಿತ್ತು. “ಹಬ್ಬ ಐತೆಂದ್ರಿ, ಮುಗಿಸೀನಿ ಟೀಚರ್” ಎಂದಷ್ಟೇ ಹೇಳಿದ. ಬರುವಾಗ ಅಮೀನಗಡದಲ್ಲಿ ಕರದಂಟು ಕೊಂಡೆ.

ಮನೆಗೆ ಬಂದು ಕೇಕಿನ ಹಿಟ್ಟು ಕಲಸಿದೆ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಮೈದಾ, ಸಕ್ಕರೆ, ಬೆಣ್ಣೆ, ತತ್ತಿ, ಒಣದ್ರಾಕ್ಷಿ ಎಲ್ಲ ಕೂಡಿಸಿ ಕಲಸಿ, ಡಬರಿ ತುಂಬಿಕೊಂಡು ಆಟೋದಲ್ಲಿ ಹಳೇ ಊರಿನ ಬೇಕರಿಗೆ ಒಯ್ದೆ. ಆಲಮಟ್ಟಿಯ ಹಿನ್ನೀರಿಗೆ ಊರಿನ ಬಹುಭಾಗ ಜಾಗ ಬಿಟ್ಟುಕೊಟ್ಟು ಹೊಸ ಸೆಕ್ಟರುಗಳಿಗೆ ಬಂದರೂ ಕೆಲವು ನಂಬಿಕೆಗಳು ಹಳೇ ಊರಿನಲ್ಲೇ ಉಳಿದಿವೆ. ಭಟ್ಟಿ ಅವುಗಳಲ್ಲಿ ಒಂದು. ಬೇಕರಿಯ ಸಾಹೇಬರು ತಮ್ಮ ಬ್ರೆಡ್ಡಿನ ಟ್ರೇಗಳನ್ನು ಬದಿಗಿಟ್ಟು ನಮ್ಮಂಥ ಹತ್ತಾರು ಮನೆಯ ಡಬರಿಗಳಿಗೆ ಚೀಟಿ ಅಂಟಿಸಿ ಸರದಿ ಹಚ್ಚಿದ್ದರು. ಅಲ್ಲಿ ಎರಡು ತಾಸು ನಿಂತೆ.

ಸಂಜೆ ಕೇಕು ಹೊತ್ತು ಒಳಗೆ ಬಂದಾಗ ಕಂಡ ನೋಟ ಇದು. ನಮ್ಮ ಮನೆಯವರು ಅಂಗಳದಲ್ಲಿ ಕಾಗದದ ನಕ್ಷತ್ರ ಕಟ್ಟುವ ಒಂದೇ ಕೆಲಸವನ್ನು ಮಧ್ಯಾಹ್ನದಿಂದ ಮಾಡುತ್ತಿದ್ದರು. ಚಕ್ಕಲಿಯ ಹಿಟ್ಟು ನಾನು ಮುಚ್ಚಿಟ್ಟ ಹಾಗೇ ಇತ್ತು. ಪಡಸಾಲೆಯಲ್ಲಿ ತಂಗಿ ಟಿ.ವಿ.ಗೆ ‘ದಯಾಸಾಗರ್’ ಹಚ್ಚಿದ್ದಳು. 1978ರ ತೆಲುಗು ‘ಕರುಣಾಮಯುಡು’ ಚಿತ್ರದ ಹಿಂದಿ ರೂಪ ಅದು. ನಾವು ಹುಡುಗಿಯರಿದ್ದಾಗ ಅದನ್ನು ದೇವಾಲಯದ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ತೋರಿಸಿದ್ದರು. ಅವ್ವ ಮಾತ್ರ ಆ ರಾತ್ರಿ ಬಂದವರಿಗೆಲ್ಲ ಚಹಾ ಕಾಸುತ್ತ ಹಿಂದಿನ ಕೋಣೆಯಲ್ಲೇ ಉಳಿದಿದ್ದಳು. ಈಗ ಅವ್ವ ತಂಗಿಯ ಕೈ ಹಿಡಿದುಕೊಂಡು, ಬಾಯಿ ತುಸು ತೆರೆದು, ಚಿಕ್ಕ ಹುಡುಗಿಯ ಹಾಗೆ ನೋಡುತ್ತಿದ್ದಳು.

“ಬಾ ಅಕ್ಕ, ಕುಂದರು” ಎಂದಳು ತಂಗಿ.

ನನ್ನ ಬಾಯಿಂದ ಬಂದ ಮಾತು ಇದು: “ವರ್ಷಕ್ಕೊಮ್ಮೆ ಬೀಗರ ಹಂಗ ಬಂದು ಕುಂದರಾಕ ನನಗ ಬರಂಗಿಲ್ಲವ್ವ. ನಿನ್ನಂಥವರು ಕುಂದರಬೇಕಂದ್ರ ನನ್ನಂಥವರು ನಿಂದರಬೇಕಾಗತೈತಿ.”

ಮಾತು ಸುಳ್ಳಲ್ಲ. ಅದೇ ಅದರ ಕೆಟ್ಟತನ. ಸುಳ್ಳಾಗಿದ್ದರೆ ಅವಳು ಜಗಳಾಡುತ್ತಿದ್ದಳು. ಸುಮ್ಮನೆ ಎದ್ದು ಬಂದು ಚಕ್ಕಲಿ ಒತ್ತಿದಳು. ಅವ್ವ ಟಿ.ವಿ. ಆರಿಸಲು ಹೇಳಿದಳು. 26ಕ್ಕೆ ತಂಗಿ ಹುಬ್ಬಳ್ಳಿಗೆ ಹೋದಳು. ಯುಗಾದಿಗೆ ಬರಲಿಲ್ಲ, ಬೇಸಿಗೆ ರಜೆಗೆ ಬರಲಿಲ್ಲ, ದಸರೆಗೆ ಬರಲಿಲ್ಲ. ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. “ಸಣ್ಣಾಕಿ ಯಾಕ ಬರವಲ್ಲಳು?” ಎಂದು ಅವ್ವ ನನ್ನನ್ನು ಕೇಳಿದಾಗಲೆಲ್ಲ “ಆಕಿಗೆ ಕೆಲಸ ಇರ್ತಾವ ಬಿಡು” ಎನ್ನುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು ನಾನು. 2019ರ ನವೆಂಬರಿನಲ್ಲಿ ಅವ್ವ ತೀರಿಕೊಂಡಳು. ತಂಗಿ ಬಂದದ್ದು ಆಗ.

ಅವ್ವನಿಗೆ ಉಡಿಸಲು ನಾನು ಇಳಕಲ್ಲಿನಿಂದ ತಂದ ಆ ಸೀರೆಯನ್ನೇ ತೆಗೆದಿಟ್ಟಿದ್ದೆ. ಅವ್ವ ಅದರ ಮಡಿಕೆಯನ್ನೇ ಮುರಿದಿರಲಿಲ್ಲ. ತಂಗಿ ನೋಡಿದಳು; “ಅದಲ್ಲ ಅಕ್ಕ” ಎಂದಳು. ಟ್ರಂಕಿನ ತಳದಿಂದ ಒಂದು ಹಳೆಯ ಸೀರೆ ತೆಗೆದಳು. ಅದೂ ಇಳಕಲ್ಲಿನದೇ, ಅವ್ವನ ಮದುವೆಯದು. ಬಣ್ಣ ಹೋಗಿ ದಡಿ ಮಾತ್ರ ಗಟ್ಟಿ ಉಳಿದಿತ್ತು. ನಿನಗೆ ಹೇಗೆ ಗೊತ್ತು ಎಂದೆ.

“ಆ ಸಿನಿಮಾ ನೋಡೋ ಮುಂದ ಹೇಳಿದ್ಲು. ನೀ ಬೇಕರಿಗೆ ಹೋಗಿದ್ದಿ. ಹಳೇದು ನನಗ ಉಡಸ್ರಿ, ಹೊಸಾದು ನಿನ್ನ ಅಕ್ಕಗ ಬಿಡ್ರಿ ಅಂದ್ಲು. ಆಕಿ ತನಗಂತ ಎಂದೂ ತಗೊಳ್ಳಾಂಗಿಲ್ಲ ಅಂದ್ಲು.”

ಎಂಟು ವರ್ಷ ಅವ್ವನ ಗುಳಿಗೆಯ ವೇಳೆ, ಸಕ್ಕರೆಯ ಪ್ರಮಾಣ, ಕನ್ನಡಕದ ನಂಬರು ಎಲ್ಲ ನನಗೆ ಬಾಯಿಪಾಠವಿತ್ತು. ಅವಳ ಕೊನೆಯ ಇಚ್ಛೆ ಗೊತ್ತಿರಲಿಲ್ಲ. ಅದನ್ನು ಹೇಳಲು ಅವಳಿಗೆ ಒಬ್ಬರು ಹತ್ತಿರ ಕುಂತಿರಬೇಕಾಗಿತ್ತು.

ಹಾಗಾದರೆ ಕುಂತವಳೇ ದೊಡ್ಡವಳೇ? ಇಷ್ಟು ಬೇಗ ಹಾಗೆ ಒಪ್ಪಿಬಿಡಲು ನನ್ನ ಮನಸ್ಸು ಈಗಲೂ ತಯಾರಿಲ್ಲ. ನಾವು ಇರುವ ನೆಲವೂ ಒಪ್ಪುವುದಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ ಹುನಗುಂದಕ್ಕೆ ದೂರವಲ್ಲ. ದುಡಿಯುವ ಕೈಯನ್ನು ಪೂಜೆ ಮಾಡುವ ಕೈಗಿಂತ ಕೆಳಗಿಡದ ಶರಣರ ನೆಲ ಇದು. ನುಲಿಯ ಚಂದಯ್ಯನ ಕತೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ಬಿತ್ತಂತೆ. ಕಾಯಕ ನಿಲ್ಲಬಾರದೆಂದು ಅವನು ತಿರುಗಿ ನೋಡದೆ ಹೊರಟನಂತೆ. ಲಿಂಗವೇ ಅವನ ಹಿಂದೆ ಬಂತಂತೆ. ಅವ್ವನಿಗೆ ಈ ಕತೆ ಬಹಳ ಸೇರುತ್ತಿತ್ತು. “ನೋಡು, ದೇವರಿಗೂ ತಿಳೀತು” ಎನ್ನುತ್ತಿದ್ದಳು. ಕ್ರೈಸ್ತರಲ್ಲಿಯೂ ಅವ್ವನ ಪಕ್ಷದವರು ಇಲ್ಲದಿಲ್ಲ. ಸುಮಾರು ಏಳುನೂರು ವರ್ಷಗಳ ಹಿಂದೆ ಜರ್ಮನಿಯ ಮೈಸ್ಟರ್ ಎಕ್‌ಹಾರ್ಟ್ ಎಂಬ ಸಂನ್ಯಾಸಿ ತನ್ನ ಒಂದು ಪ್ರಸಂಗದಲ್ಲಿ, ಮರಿಯ ಇನ್ನೂ ಕಲಿಯುತ್ತಿದ್ದವಳು, ಮಾರ್ಥಳೇ ಪಕ್ವವಾದವಳು ಎಂದು ವಾದಿಸಿದ್ದಾನೆ. ಇದು ನನಗೆ ತಿಳಿದದ್ದು ಅವ್ವ ಹೋದ ಮೇಲೆ. ತಿಳಿಸಿದ್ದರೆ ಎಷ್ಟು ಸಂತೋಷಪಡುತ್ತಿದ್ದಳೋ.

ಆದರೆ ಚಂದಯ್ಯನ ಕತೆಯನ್ನು ಮಾರ್ಥಳ ಕತೆಯ ಪಕ್ಕಕ್ಕಿಟ್ಟು ನೋಡಿದಾಗ ನನಗೆ ಒಂದು ವ್ಯತ್ಯಾಸ ಕಂಡಿತು. ಚಂದಯ್ಯ ಹಗ್ಗ ಹೊಸೆಯುವಾಗ ಪಕ್ಕದವನು ಕೂತಿದ್ದಾನೆಯೇ ನಿಂತಿದ್ದಾನೆಯೇ ಎಂದು ನೋಡಲಿಲ್ಲ. ಮಾರ್ಥ ನೋಡಿದಳು. ಅವಳಿಗೆ ಬಂದ ಮಾತು ಅಡಿಗೆ ಮಾಡಿದ್ದಕ್ಕಲ್ಲ, ತಂಗಿಯ ಬರಿಗೈಯನ್ನು ಎಣಿಸಿದ್ದಕ್ಕೆ. ಯೋಹಾನನ ಸುವಾರ್ತೆಯ ಪ್ರಕಾರ ಅವರಿಗೆ ಲಾಜರನೆಂಬ ಒಬ್ಬ ಸಹೋದರನೂ ಇದ್ದ. ಮಾರ್ಥ ಅವನ ಹೆಸರು ಎತ್ತಲಿಲ್ಲ. ನಾನೂ ಆ ಸಂಜೆ ಅಂಗಳದಲ್ಲಿ ನಕ್ಷತ್ರ ಕಟ್ಟುತ್ತಿದ್ದವರಿಗೆ ಒಂದು ಮಾತೂ ಆಡಲಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಹೆಣ್ಣುಮಕ್ಕಳ ಪುಟಗಳಷ್ಟೇ ಇರುತ್ತವೆ.

ಲೆಕ್ಕ ಇಟ್ಟು ಮಾಡಿದ ಸೇವೆ ಸಾಲವಾಗುತ್ತದೆ. ಸಾಲ ಕೊಟ್ಟವರು ವಸೂಲಿಗೆ ಬಂದೇ ಬರುತ್ತಾರೆ. ನಾನು ಆ ಸಂಜೆ ವಸೂಲಿಗೆ ಹೋದೆ. ಅಸಲು ಕೊಟ್ಟವಳು ಅವ್ವ. ಹತ್ತು ತಿಂಗಳು ಮಗಳ ಮುಖ ನೋಡಲಿಲ್ಲ. ಇಳಕಲ್ಲಿನ ನೇಕಾರ ನಿದ್ದೆಗೆಟ್ಟದ್ದಕ್ಕೆ, ಬೇಕರಿಯ ಸಾಹೇಬರು ತಮ್ಮದಲ್ಲದ ಹಬ್ಬಕ್ಕೆ ರಾತ್ರಿಯವರೆಗೆ ಭಟ್ಟಿಯ ಮುಂದೆ ಬೆಂದದ್ದಕ್ಕೆ ನನ್ನ ಪುಸ್ತಕದಲ್ಲಿ ಕೂಲಿಯ ಹೊರತು ಬೇರೇನೂ ಬರೆದಿರಲಿಲ್ಲ. ಅವರ ಲೆಕ್ಕದಲ್ಲಿ ಕುಂತವಳು ನಾನೇ.

ಅವ್ವನ ಪ್ರಶ್ನೆ ಮಾತ್ರ ಇನ್ನೂ ಹಾಗೇ ನಿಂತಿದೆ. ರೊಟ್ಟಿ ಯಾರಾದರೂ ಬಡಿಯಲೇಬೇಕು. ಕುಂತು ಕೇಳುವವರಿಗೆ ಊಟ ಹಾಕುವವರು ಬೇಕೇ ಬೇಕು. ಕುಂತವರು ಅದನ್ನು ಮರೆತರೆ ಅದೂ ತಪ್ಪೇ. ಮಣ್ಣು ಮಾಡಿ ಬಂದ ರಾತ್ರಿ ತಂಗಿ ತಾನಾಗಿಯೇ ಹೇಳಿದಳು: “ಅವ್ವನ ತಲಿ ಒಂದ ದಿನಾನೂ ನಾ ಎರದಿಲ್ಲಕ್ಕ. ಮಾತು ಕೇಳೂದು ಸಸಾರ ಇತ್ತು ನನಗ.” ಇಬ್ಬರಿಗೂ ಅವ್ವ ಅರ್ಧ ಅರ್ಧ ಸಿಕ್ಕಿದ್ದಳು. ಕೂಡಿಸಿಕೊಳ್ಳಲು ಅವ್ವ ಇದ್ದಾಗ ನಮಗೆ ಬುದ್ಧಿ ಬರಲಿಲ್ಲ.

2024ರ ಡಿಸೆಂಬರ್ 24ರಂದು ತಂಗಿ ನಮ್ಮಲ್ಲಿಯೇ ಇದ್ದಳು. ಕರ್ಚಿಕಾಯಿ ಬಿಟ್ಟೆವು, ಚಕ್ಕಲಿ ಮತ್ತು ಉಂಡಿ ಸಾಕೆಂದು ತೀರ್ಮಾನಿಸಿದೆವು. ಕೇಕಿನ ಡಬರಿ ಒಯ್ಯಲು ಈ ಸಲ ನಮ್ಮ ಮನೆಯವರನ್ನು ಕಳಿಸಿದೆ. ಬೇಕರಿಯ ಸಾಹೇಬರ ಮನೆಗೆಂದು ಒಂದು ಡಬ್ಬಿ ಉಂಡಿಯನ್ನೂ ಕೊಟ್ಟೆ. ನಾನು ಉಟ್ಟದ್ದು ಅವ್ವ ಬಿಟ್ಟುಹೋದ ಇಳಕಲ್ ಸೀರೆ. ಸಂಜೆ ಇಬ್ಬರೂ ಪಡಸಾಲೆಯಲ್ಲೇ ನೆಲದ ಮೇಲೆ ಪೇಪರು ಹಾಸಿ ಕೂತು ‘ದಯಾಸಾಗರ್’ ಹಚ್ಚಿ ಚಕ್ಕಲಿ ಒತ್ತಿದೆವು. ತಂಗಿಯ ಲಕ್ಷ್ಯ ಸಿನಿಮಾದ ಕಡೆಗಿತ್ತು. ಅವಳು ಹತ್ತು ಒತ್ತಿದರೆ ಆರು ಮುರಿದಿದ್ದವು.

ಆರು ಎಂದು ನಾನು ಎಣಿಸಿದ್ದು ನಿಜ. ಹೇಳಲಿಲ್ಲ, ಅಷ್ಟೆ.