ಋಣ ರಾಮಾಚಾರಿಯದು, ತೀರಿಸಿದ್ದು ಅಲಮೇಲು

ಕನ್ನಡ ಸಿನಿಮಾ ಹುಚ್ಚಿರೋ ನಾಲ್ಕು ಜನ ಸೇರಿದ ಕಡೆ ಒಂದು ಪ್ರಶ್ನೆ ಹಾಕಿ ನೋಡಿ: ಪುಟ್ಟಣ್ಣ ಕಣಗಾಲ್ ಅವರ ಬೆಸ್ಟ್ ಸಿನಿಮಾ ಯಾವುದು? ಕಾಫಿ ಆರಿ ತಣ್ಣಗಾಗುತ್ತೆ, ಉತ್ತರ ಸಿಗಲ್ಲ. ಒಬ್ಬರು ‘ನಾಗರಹಾವು’ ಅಂತಾರೆ. ಇನ್ನೊಬ್ಬರು ‘ಶರಪಂಜರ’ದ ಮುಂದೆ ಅದು ಏನೇನೂ ಅಲ್ಲ ಅಂತಾರೆ. ಕಾದಂಬರಿ ಓದಿಕೊಂಡವರು ‘ಗೆಜ್ಜೆಪೂಜೆ’ ಕಡೆ ವಾಲ್ತಾರೆ. ಅಷ್ಟು ಹೊತ್ತೂ ಸುಮ್ಮನಿದ್ದವರೊಬ್ಬರು ನಿಧಾನಕ್ಕೆ ‘ಕಥಾಸಂಗಮ’ ಅಂತ ಹೇಳಿ ಎಲ್ಲರನ್ನೂ ಸುಮ್ಮನಾಗಿಸ್ತಾರೆ. ಇದು ಸುಖದ ಜಗಳ.

ಈಗ ಪ್ರಶ್ನೆಯನ್ನ ತಿರುಗಿಸಿ ಕೇಳಿ: ಸರಿ, ಅವರ ಅತ್ಯಂತ ಕೆಟ್ಟ ಸಿನಿಮಾ ಯಾವುದು? ಯಾರೋ ಧೈರ್ಯ ಮಾಡಿ ಒಂದು ಹೆಸರು ಹೇಳಿದ ತಕ್ಷಣ ಇನ್ನೊಬ್ಬರು ಎದ್ದು ನಿಲ್ತಾರೆ: ‘ಅಲ್ಲಾ ಮಾರಾಯಾ, ನಮಗೆ ಅಷ್ಟೆಲ್ಲ ಕೊಟ್ಟ ಮನುಷ್ಯನ ಬಗ್ಗೆ ಹೀಗೆ ಮಾತಾಡೋದಾ?’

ಈ ಮಾತಲ್ಲಿ ಸಿನಿಮಾದ ಸುದ್ದಿಯೇ ಇಲ್ಲ ಅನ್ನೋದನ್ನ ಗಮನಿಸಿ. ಚಿತ್ರಕಥೆ ಹೇಗಿತ್ತು, ದೃಶ್ಯ ಹೇಗೆ ಕಟ್ಟಿದ್ರು, ಯಾವುದೂ ಇಲ್ಲ. ಇರೋದು ಋಣದ ಮಾತು. ಆತ ನಮಗೆ ಕೊಟ್ಟಿದ್ದಾನೆ, ಆದ್ದರಿಂದ ನಾವು ಬಾಯಿ ಮುಚ್ಚಿಕೊಂಡಿರಬೇಕು. ಇದು ಸರಿಯಾ? ನಾವು ಪ್ರೀತಿಸೋ ಕಲಾವಿದನಿಗೆ ನಾವು ನಿಜವಾಗಿ ಕೊಡಬೇಕಾಗಿರೋದು ಏನು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಕೆಟ್ಟ ಸಿನಿಮಾ’ ಅಂದಾಗ ನಾವು ಮೂರು ಬೇರೆ ಬೇರೆ ವಿಷಯಗಳನ್ನ ಒಂದೇ ಪಾತ್ರೆಗೆ ಹಾಕಿ ಕಲಸ್ತೀವಿ. ಮೊದಲನೆಯದು, ಓಡದ ಸಿನಿಮಾ. 1972ರಲ್ಲಿ ‘ನಾಗರಹಾವು’ ರಾಜ್ಯದ ತುಂಬಾ ಅಬ್ಬರಿಸಿತು. ಅದೇ ಕಥೆಯನ್ನ ಅದೇ ನಿರ್ದೇಶಕ 1974ರಲ್ಲಿ ರಿಷಿ ಕಪೂರ್ ಹಾಕಿಕೊಂಡು ಹಿಂದಿಯಲ್ಲಿ ‘ಝಹರೀಲಾ ಇನ್ಸಾನ್’ ಅಂತ ಮಾಡಿದಾಗ ಮಕಾಡೆ ಮಲಗಿತು. ಗಲ್ಲಾಪೆಟ್ಟಿಗೆ ತೀರ್ಪು ಕೊಡುತ್ತೆ, ಕಾರಣ ಹೇಳಲ್ಲ. ಎರಡನೆಯದು, ಕಸುಬಿನಲ್ಲಿ ಸೋತ ಸಿನಿಮಾ. ಎಳೆದ ದೃಶ್ಯ, ಅಗತ್ಯಕ್ಕಿಂತ ಜೋರಾದ ಅಳು, ಮುಖದ ಮೇಲೆ ದಢಾರಂತ ಬರೋ ಝೂಮ್. ಮೂರನೆಯದು ನೈತಿಕವಾಗಿ ತಪ್ಪಿದ ಸಿನಿಮಾ. ಯಾರ ನೋವನ್ನ ನೋಡಬೇಕಿತ್ತೋ ಅವರ ಕಡೆ ಬೆನ್ನು ತಿರುಗಿಸಿದ ಸಿನಿಮಾ.

ಮೊದಲ ಎರಡನ್ನ ಧಾರಾಳವಾಗಿ ಕ್ಷಮಿಸಬಹುದು. ಸೋಲು ಯಾರಿಗಿಲ್ಲ? ವರ್ಷವೆಲ್ಲ ಒಳ್ಳೆ ಕೆಲಸ ಮಾಡಿ, ಕೊನೇ ಎರಡು ತಿಂಗಳಲ್ಲಿ ಒಂದು ಪ್ರಾಜೆಕ್ಟ್ ಕೈಕೊಟ್ಟದ್ದಕ್ಕೆ ಅಪ್ರೈಸಲ್‌ನಲ್ಲಿ ಪೂರ್ತಿ ವರ್ಷಕ್ಕೇ ಕೆಂಪು ಗೆರೆ ಎಳೆದಾಗ ನಮಗೆ ಎಷ್ಟು ಉರಿಯುತ್ತೆ! ಅದು ಅನ್ಯಾಯ ಅಂತ ನಮಗೆ ಗೊತ್ತು. ಒಬ್ಬ ಮನುಷ್ಯನನ್ನ ಅಳೆಯೋದಾದ್ರೆ ಅವನು ಮುಟ್ಟಿದ ಎತ್ತರದಿಂದ ಅಳೀಬೇಕು. ಪುಟ್ಟಣ್ಣ 1985ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 51 ವರ್ಷ. ಕೊನೆಯ ಚಿತ್ರ ‘ಮಸಣದ ಹೂವು’ ಅರ್ಧಕ್ಕೆ ನಿಂತು, ಕೆ.ಎಸ್.ಎಲ್. ಸ್ವಾಮಿ ಅದನ್ನ ಮುಗಿಸಬೇಕಾಯ್ತು. ಅಂಥವರ ಲೆಕ್ಕವನ್ನ ಸರಾಸರಿ ತೆಗೆದು ನೋಡೋದು ಕ್ಷುಲ್ಲಕತನ.

ಆದರೆ ಮೂರನೇ ಬಗೆಯ ತಪ್ಪಿಗೆ ಈ ಧಾರಾಳತನ ಸಲ್ಲುತ್ತಾ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಬೇರೆಲ್ಲೂ ಹೋಗಬೇಕಿಲ್ಲ. ಪುಟ್ಟಣ್ಣನವರ ಸಿನಿಮಾಗಳೇ ಮತ್ತೆ ಮತ್ತೆ ಇದೇ ಪ್ರಶ್ನೆಯ ಸುತ್ತ ತಿರುಗ್ತವೆ. ಉಪಕಾರ ಮಾಡಿದವರಿಗೆ ನಾವು ಎಷ್ಟು ಬಾಕಿ? 1976ರ ‘ಕಥಾಸಂಗಮ’ದ ಮೂರು ಕಥೆಗಳಲ್ಲಿ ಒಂದರ ಹೆಸರೇ ‘ಹಂಗು’. 1984ರ ಸಿನಿಮಾ ಒಂದರ ಹೆಸರು ‘ಋಣಮುಕ್ತಳು’. ಈ ಪದಗಳು ಆ ಮನುಷ್ಯನನ್ನ ಬಿಟ್ಟೂಬಿಡದೆ ಕಾಡಿದ್ದವು.

ಎಲ್ಲರಿಗೂ ಗೊತ್ತಿರೋ ಉದಾಹರಣೆ ‘ನಾಗರಹಾವು’. ಚಿತ್ರದುರ್ಗದ ಸಿಡುಕಿನ ಹುಡುಗ ರಾಮಾಚಾರಿಯನ್ನ ಇಡೀ ಊರೇ ಬೈಯುವಾಗ ಅವನನ್ನ ನಂಬೋರು ಚಾಮಯ್ಯ ಮೇಷ್ಟ್ರು. ಅವರು ಮಾತಾಡಿದ್ರೆ ಬುಸುಗುಡೋ ಹಾವೂ ಹೆಡೆ ಮಡಚುತ್ತೆ. ಹುಡುಗ ಅಲಮೇಲುವನ್ನ ಪ್ರೀತಿಸ್ತಾನೆ. ಮೇಷ್ಟ್ರು ಸಂಪ್ರದಾಯದ ಮಾತು ಹೇಳಿ ಅವಳನ್ನ ಬಿಟ್ಟುಬಿಡು ಅಂತಾರೆ. ಅವನು ಬಿಡ್ತಾನೆ. ನಾವು ಥಿಯೇಟರಿನಲ್ಲೂ ಟೀವಿ ಮುಂದೆಯೂ ಕಣ್ಣೊರೆಸಿಕೊಂಡದ್ದು ಇಲ್ಲೇ. ಎಂಥಾ ಗುರುಭಕ್ತಿ, ಎಂಥಾ ತ್ಯಾಗ!

ಆದರೆ ಆ ತ್ಯಾಗದ ಬಿಲ್ ಯಾರ ಕೈಗೆ ಬಂತು? ಅಲಮೇಲುವನ್ನ ಬೇರೊಬ್ಬನಿಗೆ ಮದುವೆ ಮಾಡಿ ಕಳಿಸ್ತಾರೆ. ಆ ಗಂಡ ಅವಳನ್ನ ವೇಶ್ಯಾವಾಟಿಕೆಗೆ ತಳ್ತಾನೆ. ರಾಮಾಚಾರಿಗೆ ಮೇಷ್ಟ್ರ ಮೇಲೆ ಋಣವಿತ್ತು, ನಿಜ. ಆದರೆ ಅದನ್ನ ಅವನು ತನ್ನ ಜೇಬಿನಿಂದ ತೀರಿಸಲಿಲ್ಲ. ಅಲಮೇಲುವಿನ ಬದುಕಿನಿಂದ ತೆಗೆದು ಕೊಟ್ಟ. ಅವಳನ್ನ ಯಾರೂ ಒಂದು ಮಾತು ಕೇಳಲೂ ಇಲ್ಲ.

‘ನಾಗರಹಾವು’ ದೊಡ್ಡ ಸಿನಿಮಾ ಅಂತ ನಾನು ನಂಬೋದು ಇದೇ ಕಾರಣಕ್ಕೆ. ಸಿನಿಮಾ ಆ ಬಿಲ್ಲನ್ನ ಬಚ್ಚಿಡಲ್ಲ. ಅಲಮೇಲು ಮತ್ತೆ ಎದುರಾಗ್ತಾಳೆ, ರಾಮಾಚಾರಿ ನೋಡಲೇಬೇಕಾಗುತ್ತೆ, ನಾವೂ ನೋಡಬೇಕಾಗುತ್ತೆ. ಎರಡನೇ ಸಲ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರು ಅದೇ ಮಾತು ತೆಗೆದಾಗ ಹುಡುಗ ಬಗ್ಗಲ್ಲ. ಪರಿಣಾಮ ಬೆಟ್ಟದ ಮೇಲೆ ಮೂರು ಸಾವು. ಅಷ್ಟು ಪ್ರೀತಿಯಿಂದ ಕಟ್ಟಿದ ಮೇಷ್ಟ್ರ ಪಾತ್ರವನ್ನೂ ಸಿನಿಮಾ ತಪ್ಪಿತಸ್ಥರ ಸಾಲಲ್ಲಿ ನಿಲ್ಲಿಸುತ್ತೆ. ಮೂರು ಕಾದಂಬರಿಗಳನ್ನ ಸೇರಿಸಿ ಮಾಡಿದ ಈ ಸಿನಿಮಾ ಮೂಲ ಲೇಖಕ ತರಾಸು ಅವರಿಗೇ ಹಿಡಿಸಲಿಲ್ಲ ಅನ್ನೋದು ಹಳೇ ಸುದ್ದಿ. ಅವರ ಸಿಟ್ಟಿಗೆ ಅವರದೇ ಕಾರಣಗಳಿದ್ದವು. ತೆರೆಯ ಮೇಲೆ ಇರೋದನ್ನ ನೋಡಿ ಹೇಳೋದಾದ್ರೆ, ಈ ಒಂದು ವಿಷಯದಲ್ಲಿ ಸಿನಿಮಾ ಪ್ರಾಮಾಣಿಕ.

ಈಗ ಕಷ್ಟದ ಉದಾಹರಣೆಗೆ ಬರೋಣ. ಮಾನಸಿಕ ಕಾಯಿಲೆಯ ಬಗ್ಗೆ ಪುಟ್ಟಣ್ಣ ಹತ್ತು ಹನ್ನೊಂದು ವರ್ಷದ ಅಂತರದಲ್ಲಿ ಎರಡು ಸಿನಿಮಾ ಮಾಡಿದ್ರು. 1971ರ ‘ಶರಪಂಜರ’, ತ್ರಿವೇಣಿಯವರ ಕಾದಂಬರಿ ಆಧರಿಸಿದ್ದು. ಕಲ್ಪನಾ ಮಾಡಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರ್ತಾಳೆ. ಮನೆ ಅವಳನ್ನ ಹುಚ್ಚಿ ಅಂತಲೇ ನೋಡುತ್ತೆ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಕಾಯಿಲೆ ವಾಸಿಯಾದ್ರೂ ಸುತ್ತಲಿನವರ ಕಣ್ಣು ವಾಸಿಯಾಗಲ್ಲ, ಕೊನೆಗೆ ಅವಳನ್ನ ಅದೇ ಮತ್ತೆ ಮುರಿಯುತ್ತೆ. ಕ್ಯಾಮೆರಾ ಉದ್ದಕ್ಕೂ ಅವಳ ಪಕ್ಕದಲ್ಲಿದೆ.

1982ರ ‘ಮಾನಸ ಸರೋವರ’ದಲ್ಲಿ ಶ್ರೀನಾಥ್ ಮನೋವೈದ್ಯ. ಒಬ್ಬ ಹುಡುಗಿಯನ್ನ ಗುಣಪಡಿಸ್ತಾ ಅವಳನ್ನ ಪ್ರೀತಿಸೋಕೆ ಶುರು ಮಾಡ್ತಾನೆ. ಗುಣವಾದ ಹುಡುಗಿ ಇನ್ನೊಬ್ಬನನ್ನ ಪ್ರೀತಿಸ್ತಾಳೆ. ಡಾಕ್ಟರ್ ಹುಚ್ಚನಾಗ್ತಾನೆ. ಸಾಕಿದ ಗಿಣಿಯೇ ತಿರುಗಿ ಬಿತ್ತು ಅನ್ನೋ ದೂರಿನ ಹಾಡು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಹಾಡು ಅದ್ಭುತ, ಶ್ರೀನಾಥ್ ಅದ್ಭುತ. ಆದರೆ ಒಂದು ಕ್ಷಣ ನಿಂತು ಯೋಚನೆ ಮಾಡಿ. ಆಕೆ ಗಿಣಿ ಯಾಕಾದ್ಲು? ಆಕೆ ರೋಗಿ, ಈತ ವೈದ್ಯ. ಚಿಕಿತ್ಸೆ ಕೊಟ್ಟವನಿಗೆ ಚಿಕಿತ್ಸೆ ಪಡೆದವಳು ಹೃದಯವನ್ನೂ ಬರೆದುಕೊಡಬೇಕು ಅಂತ ಯಾವ ಪತ್ರದಲ್ಲಿತ್ತು? ಇವತ್ತು ಒಬ್ಬ ಥೆರಪಿಸ್ಟ್ ತನ್ನ ಕ್ಲೈಂಟ್ ಬಗ್ಗೆ ಹೀಗೆ ಹಾಡಿದ್ರೆ ನಾವು ಕಣ್ಣೀರು ಹಾಕ್ತೀವಾ, ದೂರು ಕೊಡ್ತೀವಾ?

‘ಇಲ್ಲ, ಸಿನಿಮಾ ಡಾಕ್ಟರನ ದೌರ್ಬಲ್ಯವನ್ನೇ ತೋರಿಸ್ತಿದೆ, ನೀವು ಸರಿಯಾಗಿ ನೋಡಿಲ್ಲ’ ಅಂತ ವಾದಿಸೋರಿದ್ದಾರೆ. ಅದು ಗೌರವಕ್ಕೆ ಅರ್ಹವಾದ ವಾದ. ಯಾಕಂದ್ರೆ ಅದು ಸಿನಿಮಾದ ಒಳಗೆ ನಿಂತು ಮಾತಾಡುತ್ತೆ. ಬನ್ನಿ, ಕೂತು ದೃಶ್ಯ ದೃಶ್ಯವಾಗಿ ಜಗಳ ಆಡೋಣ. ನನ್ನ ಓದಿನಲ್ಲಿ ‘ಮಾನಸ ಸರೋವರ’ದ ಕ್ಯಾಮೆರಾ ಡಾಕ್ಟರನ ಗಾಯಕ್ಕೆ ಕೊಟ್ಟ ಸಮಯದಲ್ಲಿ ಕಾಲು ಭಾಗವನ್ನೂ ಆ ಹುಡುಗಿಯ ಇಕ್ಕಟ್ಟಿಗೆ ಕೊಟ್ಟಿಲ್ಲ. ‘ಶರಪಂಜರ’ ಯಾರ ಪಕ್ಕ ನಿಂತಿತ್ತೋ ಅವಳಂಥವಳ ಎದುರು ಈ ಸಿನಿಮಾ ನಿಂತಿದೆ. ಆದರೆ ‘ಪುಟ್ಟಣ್ಣನ ಬಗ್ಗೆ ಹೀಗೆ ಹೇಳ್ಬೇಡ’ ಅನ್ನೋ ವಾದಕ್ಕೆ ಯಾವ ದೃಶ್ಯವೂ ಬೇಕಿಲ್ಲ. ಅದು ಚಾಮಯ್ಯ ಮೇಷ್ಟ್ರ ಮುಂದೆ ತಲೆ ಬಗ್ಗಿಸಿದ ರಾಮಾಚಾರಿಯ ವಾದ.

ಮತ್ತೆ ಬಿಲ್ಲಿನ ಪ್ರಶ್ನೆ. ನಾವು ಕೃತಜ್ಞತೆಯಿಂದ ಒಂದು ತಪ್ಪು ಸಿನಿಮಾವನ್ನ ಸಮರ್ಥಿಸಿಕೊಂಡಾಗ ನಮ್ಮ ಜೇಬಿನಿಂದ ಏನೂ ಹೋಗಲ್ಲ. ಖರ್ಚಾಗೋದು ಬೇರೆಯವರದ್ದು. ಉಪಕಾರದ ಹೆಸರಲ್ಲಿ ಪ್ರೀತಿ ವಸೂಲಿ ಮಾಡೋರಿಗೆ ‘ಇಲ್ಲ’ ಅನ್ನೋಕೆ ಕಷ್ಟಪಡ್ತಿರೋ ಯಾವಳೋ ಹುಡುಗಿ ಅದೇ ಟೇಬಲ್‌ನಲ್ಲಿ ಕೂತಿರಬಹುದು. ಕೆಲಸ ಕೊಡಿಸಿದ ಸೀನಿಯರ್, ಫೀಸು ಕಟ್ಟಿದ ಮಾವ, ಕಷ್ಟಕಾಲದಲ್ಲಿ ಜೊತೆಗಿದ್ದ ಫ್ರೆಂಡ್. ನಾವು ಆ ಡಾಕ್ಟರನಿಗೆ ಮರುಗಿದ ಪ್ರತಿ ಸಲವೂ ಅವಳ ‘ಇಲ್ಲ’ ಇನ್ನಷ್ಟು ಕಷ್ಟವಾಗುತ್ತೆ. ನಮ್ಮ ಋಣ, ಅವಳ ಖರ್ಚು.

‘ಆ ಕಾಲ ಬೇರೆ, ಇವತ್ತಿನ ಅಳತೆಗೋಲು ತಂದು ಅವತ್ತಿನ ಸಿನಿಮಾ ಅಳೀಬಾರದು’ ಅನ್ನೋ ಮಾತೂ ಇದೆ. ಸಾಮಾನ್ಯವಾಗಿ ಇದು ನ್ಯಾಯವಾದ ಮಾತೇ. ಆದರೆ ಪುಟ್ಟಣ್ಣನವರ ವಿಷಯದಲ್ಲಿ ಇವತ್ತಿನ ಅಳತೆಗೋಲು ಬೇಕಾಗೇ ಇಲ್ಲ. ಅವರದ್ದೇ ಇದೆ.

1967ರಲ್ಲಿ ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ ‘ಬೆಳ್ಳಿಮೋಡ’. ಇದೂ ತ್ರಿವೇಣಿಯವರ ಕಾದಂಬರಿಯೇ. ಮೋಹನ ಇಂದಿರಾಳ ಅಪ್ಪನ ದುಡ್ಡಲ್ಲಿ ವಿದೇಶಕ್ಕೆ ಓದೋಕೆ ಹೋಗ್ತಾನೆ. ಅವಳನ್ನ ಮದುವೆಯಾಗೋದು ಅಂತ ಮಾತಾಗಿರುತ್ತೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿ ಅವನ ಪಾಲಾಗುತ್ತೆ, ವಾಪಸ್ ಬಂದ ಮೋಹನ ಮಾತಿನಿಂದ ಜಾರ್ತಾನೆ. ಆಮೇಲೆ ಅವನು ಅಪಘಾತದಲ್ಲಿ ಕಾಲು ಮುರಿದುಕೊಂಡು ಬಿದ್ದಾಗ ಆರೈಕೆ ಮಾಡೋದು ಇದೇ ಇಂದಿರಾ. ಅವನ ಮನಸ್ಸು ಕರಗುತ್ತೆ, ಈಗ ಮದುವೆಯಾಗೋಣ ಅಂತಾನೆ. ಇಂದಿರಾ ಒಲ್ಲೆ ಅಂತಾಳೆ. ಅವಳು ಆರೈಕೆ ಮಾಡಿದ್ದು ಸಾಲ ಕೊಟ್ಟ ಹಾಗಲ್ಲ, ಹಾಗಾಗಿ ವಾಪಸ್ ಪಡೆಯೋ ಮಾತೇ ಬರಲ್ಲ. ಅವನ ಕೃತಜ್ಞತೆ ಅವಳಿಗೆ ಬೇಕಾದ ಪ್ರೀತಿಯೂ ಅಲ್ಲ.

ಹಂಗು ಬೇರೆ, ಪ್ರೀತಿ ಬೇರೆ ಅನ್ನೋದು ‘ಬೆಳ್ಳಿಮೋಡ’ದಲ್ಲೇ ಇಷ್ಟು ಸ್ಪಷ್ಟವಾಗಿತ್ತು. ಹದಿನೈದು ವರ್ಷದ ನಂತರ ‘ಮಾನಸ ಸರೋವರ’ದಲ್ಲಿ ಅದು ಮಸುಕಾಯ್ತು. ಇದನ್ನ ಹೇಳೋಕೆ ನಾನು 2020ರ ದಶಕದಿಂದ ಏನನ್ನೂ ಎರವಲು ತರಬೇಕಿಲ್ಲ. ಇಂದಿರಾಳನ್ನ ನಮಗೆ ಕೊಟ್ಟವರೇ ಆ ಡಾಕ್ಟರನನ್ನ ಪ್ರಶ್ನಿಸೋದನ್ನೂ ಕಲಿಸಿಕೊಟ್ಟಿದ್ದಾರೆ.

ನಮ್ಮ ಹಳಬರು ಮನುಷ್ಯನಿಗೆ ಮೂರು ಋಣ ಹೇಳಿದ್ರು: ದೇವಋಣ, ಪಿತೃಋಣ, ಋಷಿಋಣ. ದೇವಋಣಕ್ಕೆ ಯಜ್ಞ, ಪಿತೃಋಣಕ್ಕೆ ಸಂತಾನ. ಕಲಿಸಿದವರ ಋಣವಾದ ಋಷಿಋಣ ತೀರೋದು ಅಧ್ಯಯನದಿಂದ. ಹೊಗಳಿಕೆಯಿಂದ ಅಂತ ಅವರು ಹೇಳಲಿಲ್ಲ. ನಂಬಿಕೆ ಇರಲಿ ಬಿಡಲಿ, ಈ ಲೆಕ್ಕದಲ್ಲಿ ಒಂದು ವಿವೇಕ ಇದೆ. ಕೊಟ್ಟವನಿಗೆ ವಾಪಸ್ ಕೊಡಬೇಕಾದದ್ದು ಗಮನ. ಅವನ ಕೆಲಸವನ್ನ ಕಣ್ಣಿಟ್ಟು ನೋಡೋದು, ಚೆನ್ನಾಗಿರೋದು ಯಾಕೆ ಚೆನ್ನಾಗಿದೆ ಅಂತ ಹೇಳೋಕೆ ಬರೋದು, ಕೆಟ್ಟಿರೋದು ಎಲ್ಲಿ ಕೆಟ್ಟಿತು ಅಂತ ಬೆರಳಿಟ್ಟು ತೋರಿಸೋದು. ರಾಜ್ಯ ಸರ್ಕಾರ ಅವರ ಹೆಸರಲ್ಲಿ ಪ್ರಶಸ್ತಿ ಕೊಡುತ್ತೆ, ಸಂತೋಷ. ಆದರೆ ‘ಚಿತ್ರಬ್ರಹ್ಮ’ ಅಂತ ಕರೆದು ಕೈಮುಗಿದು ‘ಗೆಜ್ಜೆಪೂಜೆ’ಯನ್ನ ಒಮ್ಮೆಯೂ ಪೂರ್ತಿ ನೋಡದೆ ಇರೋರಿಗಿಂತ, ‘ರಂಗನಾಯಕಿ’ಯ ಕೊನೆ ಯಾಕೆ ಹಾಗಾಯ್ತು, ಇವರ ಹೆಂಗಸರು ಯಾಕೆ ಇಷ್ಟು ಸಲ ಸಾಯಬೇಕು ಅಂತ ರಾತ್ರಿ ಹನ್ನೆರಡರವರೆಗೆ ಸಿಟ್ಟಲ್ಲಿ ಮಾತಾಡೋರು ಅವರಿಗೆ ಹತ್ತಿರದವರು.

ನನ್ನನ್ನ ಕೇಳಿದ್ರೆ ಬೆಸ್ಟ್ ‘ಬೆಳ್ಳಿಮೋಡ’, ಸೋತದ್ದು ‘ಮಾನಸ ಸರೋವರ’. ಪಟ್ಟಿಯಲ್ಲಿ ಇವೆರಡು ದೂರ ದೂರ ಇದ್ರೂ ಮೊದಲನೆಯದನ್ನ ಪ್ರೀತಿಸಿದ್ದಕ್ಕೇ ಎರಡನೆಯದು ನನಗೆ ನೋವು ಕೊಡೋದು. ನಿಮ್ಮ ಪಟ್ಟಿ ಬೇರೆ ಇರಬಹುದು, ಇರಲಿ. ಎರಡೂ ಸಿನಿಮಾ ಮತ್ತೊಮ್ಮೆ ನೋಡಿ, ದೃಶ್ಯ ತೋರಿಸಿ, ನಾನು ಹೇಳಿದ್ದು ಯಾಕೆ ಸರಿಯಿಲ್ಲ ಅಂತ ಹೇಳಿ. ಕಾಫಿ ಬೇಕಾದ್ರೆ ಇನ್ನೊಂದು ರೌಂಡ್ ಹೇಳೋಣ.